ಖಾತ್ರಿಯಾಗುವ ತನಕ ಕಾಯಬೇಕೇ?

ಪ್ರಶ್ನೆ: ಪಕ್ಕದ ಮನೆಯ ನಾಲ್ಕು ವರ್ಷದ ಹುಡುಗನ ಕಿವಿಯ ಹಿಂದೆ, ಬೆನ್ನ ಮೇಲೆ ಆಗಾಗ ಕಪ್ಪುಗಟ್ಟಿದ ಗುರುತು ಕಾಣುತ್ತದೆ. ಕೇಳಿದರೆ 'ಬಿದ್ದ' ಅಂತಾರೆ. ನಮ್ಮ ಯಜಮಾನರು 'ಖಾತ್ರಿಯಿಲ್ಲದೆ ಬಾಯಿ ಬಿಡಬೇಡ' ಎನ್ನುತ್ತಾರೆ. ಏನು ಮಾಡಲಿ?

ಉತ್ತರ: ಗುರುತು ಎಲ್ಲಿದೆ ಅಂತ ಬರೆದಿದ್ದೀರಲ್ಲ, ಅಷ್ಟು ಗಮನಿಸುವವರೇ ಕಡಿಮೆ. ಓಡುವ ಮಕ್ಕಳು ಬಿದ್ದರೆ ಮೊಣಕಾಲು, ಹಣೆ, ಮೊಣಕೈಗೆ ತಾಗುವುದೇ ಜಾಸ್ತಿ. ಕಿವಿಗೆ, ಕುತ್ತಿಗೆಗೆ, ಬೆನ್ನಿಗೆ ಹಾಗೆ ಸುಮ್ನೆ ಏಟಾಗುವುದು ಅಪರೂಪ. ಇನ್ನೂ ತೆವಳದ ಕೂಸಿನ ಮೈಮೇಲೆ ಇಂಥ ಗುರುತು ಕಂಡರಂತೂ ಡಾಕ್ಟರುಗಳು ತಕ್ಷಣ ಎಚ್ಚರಾಗುತ್ತಾರೆ.

ತಪ್ಪು ಅನುಮಾನದಿಂದ ಸಂಸಾರಗಳು ನರಳುತ್ತವೆ, ನಿಜ. 1987ರಲ್ಲಿ ಇಂಗ್ಲೆಂಡಿನ ಕ್ಲೀವ್‌ಲ್ಯಾಂಡಿನಲ್ಲಿ ಡಾಕ್ಟರುಗಳ ಅನುಮಾನದ ಮೇಲೆ ಎಷ್ಟೋ ಮಕ್ಕಳನ್ನು ಮನೆಯಿಂದ ಬೇರೆ ಮಾಡಿದರು. ಹೆಚ್ಚಿನವರು ಆಮೇಲೆ ಮನೆಗೆ ಮರಳಿದರು.

ಆದರೆ ವಿಕ್ಟೋರಿಯಾ ಕ್ಲಿಂಬಿಯೆ ಎಂಬವಳ ಜೀವ ಮಾತ್ರ ಮರಳಲಿಲ್ಲ. ಲಂಡನ್ನಿನಲ್ಲಿದ್ದ 8 ವರ್ಷದ ಹುಡುಗಿ. ಆಸ್ಪತ್ರೆಯಲ್ಲಿ ಒಬ್ಬ ಡಾಕ್ಟರಿಗೆ ಗಾಯಗಳ ಮೇಲೆ ಅನುಮಾನ ಬಂತು. ಹಿರಿಯ ಡಾಕ್ಟರು ಕಜ್ಜಿ ಅಂದರು, ಮನೆಗೆ ಕಳಿಸಿದರು. 2000ದಲ್ಲಿ ಅವಳು ಸತ್ತಾಗ ಮೈಮೇಲೆ 128 ಗಾಯಗಳಿದ್ದವು. ಅವಳನ್ನು ಕಾಪಾಡಲು ಕನಿಷ್ಠ 12 ಅವಕಾಶಗಳಿದ್ದವು ಅಂತ 2003ರ ವಿಚಾರಣಾ ವರದಿ ಹೇಳಿತು. ಯಾರೋ ಒಬ್ಬರು ಖಾತ್ರಿಗೆ ಕಾದಿರಬೇಕು, ಇಲ್ಲವೇ ಇನ್ನೊಬ್ಬರು ನೋಡಿಕೊಳ್ಳುತ್ತಾರೆ ಅಂದುಕೊಂಡಿರಬೇಕು.

ಇದೇನು ಹೊಸ ಕಥೆಯಲ್ಲ. 1874ರಲ್ಲಿ ನ್ಯೂಯಾರ್ಕಿನ ಮೇರಿ ಎಲೆನ್ ಎಂಬ ಹುಡುಗಿಯ ಗೋಳು ನೆರೆಯವರ ಕಿವಿಗೆ ಬಿದ್ದಿತ್ತು. ಸಹಾಯ ಕೇಳಿ ಹೋದಲ್ಲೆಲ್ಲ ಪುರಾವೆ ತನ್ನಿ ಅಂದರು. ಕೊನೆಗೆ ಕೈಹಿಡಿದವರು ಪ್ರಾಣಿದಯಾ ಸಂಘದ ಸ್ಥಾಪಕ ಹೆನ್ರಿ ಬರ್ಗ್! ಕುದುರೆಗೆ ಹೊಡೆದರೆ ಕೇಳುವ ಸಂಘವಿತ್ತು, ಮಗುವಿಗೆ ಇರಲಿಲ್ಲ. ಇವತ್ತಿಗೂ ಪಕ್ಕದ ಮನೆಯ ಟೀವಿ ಸದ್ದು ಜೋರಾದರೆ ಹೋಗಿ ಬಾಗಿಲು ಬಡಿಯುತ್ತೇವೆ. ಮಗು ಕಿರುಚಿದರೆ 'ಅವರ ಮನೆ ವಿಷಯ' ಎಂದು ಕಿಟಕಿ ಮುಚ್ಚುತ್ತೇವೆ. ಹುಡುಗ ದೊಡ್ಡವನಾಗಿ ಹೇಳಿಕೊಂಡರೆ, 'ಆಗಲೇ ಯಾಕೆ ಹೇಳಲಿಲ್ಲ' ಅಂತ ಅವನನ್ನೇ ಕೇಳುತ್ತೇವೆ. ನನಗೆ ಹೊಟ್ಟೆ ಉರಿಯುವುದು ಇದಕ್ಕೇ.

ನಿಮ್ಮ ಯಜಮಾನರಿಗೆ ಹೇಳಿ, ಖಾತ್ರಿ ಮಾಡಿಕೊಳ್ಳುವುದು ತನಿಖೆ ಮಾಡುವವರ ಕೆಲಸ. ಕಂಡದ್ದನ್ನು ತಾರೀಖು ಹಾಕಿ ಬರೆದಿಡಿ. ಹುಡುಗ ತಾನಾಗಿ ಏನಾದರೂ ಹೇಳಿದರೆ ಅವನ ಮಾತಿನಲ್ಲೇ ಬರೆಯಿರಿ, ಕೆದಕಿ ಕೇಳಬೇಡಿ. ಆ ಮನೆಯವರ ಜೊತೆ ಜಗಳಕ್ಕೂ ಹೋಗಬೇಡಿ, ಸಿಟ್ಟು ಅವನ ಮೇಲೇ ತಿರುಗೀತು. ಮಕ್ಕಳ ರಕ್ಷಣೆಯವರಿಗೆ ಇವತ್ತೇ ತಿಳಿಸಿ. ಇಷ್ಟು ನೋಡಿದವರು ನೀವೇ, ಹೇಳಬೇಕಾದವರೂ ನೀವೇ ಅಲ್ವಾ?