ಬೇಕರಿಗೆ ನೀರು ನುಗ್ಗಿತು, ನಿಂತ ವ್ಯಾಪಾರಕ್ಕೆ ವಿಮೆ ಎಷ್ಟು ಸಿಗುತ್ತೆ?

ಪ್ರಶ್ನೆ: ಮಹದೇವಪುರದ ಕಡೆ ಬೇಕರಿ ಇದೆ. ಸೆಪ್ಟೆಂಬರ್ ಮೊದಲ ವಾರದ ಮಳೆಗೆ ರಾಜಕಾಲುವೆ ಉಕ್ಕಿ ಸೊಂಟದ ಮಟ್ಟ ನೀರು ನುಗ್ಗಿತು. ಓವನ್ ಮೋಟಾರು, ಹಿಟ್ಟು ಕಲಸುವ ಮಿಷನ್, ಮೈದಾ ಮೂಟೆ ಎಲ್ಲ ಹೋಯಿತು. ಅದರ ಕ್ಲೇಮ್ ಪಾಸಾಗಿದೆ. 40 ದಿನ ಬಾಗಿಲು ಹಾಕಿದ್ದೆವು, ವ್ಯಾಪಾರ ಮೊದಲಿನಂತಾಗಿದ್ದು ನವೆಂಬರ್ ಕೊನೆಗೆ. ಬ್ಯಾಂಕಿನವರು ಹೇಳಿದ್ದಕ್ಕೆ 30 ಲಕ್ಷದ ಲಾಸ್ ಆಫ್ ಪ್ರಾಫಿಟ್ ಪಾಲಿಸಿಯನ್ನೂ ಮಾಡಿಸಿದ್ದೆ. ಮೂರು ತಿಂಗಳಲ್ಲಿ 18 ಲಕ್ಷದ ವ್ಯಾಪಾರ ಕೈತಪ್ಪಿದೆ. ಅಷ್ಟನ್ನೂ ಕೇಳಬಹುದಾ ಸರ್? ಕೌಂಟರಿನ ನಗದು ಪೂರ್ತಿ ಲೆಕ್ಕದಲ್ಲಿ ಬಂದಿಲ್ಲ, ಅದನ್ನೂ ತೋರಿಸಬಹುದಾ?
– ಹೆಸರು ಬೇಡ, ಬೆಂಗಳೂರು

ಉತ್ತರ: 18 ಲಕ್ಷ ಸಿಗುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ, ಕಾರಣ ಸರಳ. ಆ 18 ಲಕ್ಷದ ಬನ್ನು, ಕೇಕು ಮಾಡಿದ್ದರೆ ಮೈದಾ, ಸಕ್ಕರೆ, ಡಾಲ್ಡಾಗೆ ದುಡ್ಡು ಹೋಗುತ್ತಿತ್ತು ಅಲ್ವಾ? ಮಾಡಲಿಲ್ಲ, ಹಾಗಾಗಿ ಆ ಖರ್ಚೂ ಆಗಲಿಲ್ಲ. ವಿಮೆ ತುಂಬಿಕೊಡುವುದು ನಿಮ್ಮ ಲಾಭ ಮತ್ತು ಬಾಗಿಲು ಹಾಕಿದ್ದರೂ ಬಿಡದೆ ತಿನ್ನುವ ಖರ್ಚು: ಬಾಡಿಗೆ, ಸಾಲದ ಬಡ್ಡಿ, ಸಂಬಳ. ಇವೆರಡೂ ಸೇರಿದರೆ ಪಾಲಿಸಿಯ ಭಾಷೆಯಲ್ಲಿ ಗ್ರಾಸ್ ಪ್ರಾಫಿಟ್. ನಿಮ್ಮ ಆಡಿಟರ್ ಲಾಭ–ನಷ್ಟದ ಲೆಕ್ಕದಲ್ಲಿ ತೋರಿಸುವ ಗ್ರಾಸ್ ಪ್ರಾಫಿಟ್ ಬೇರೆ, ಇದು ಬೇರೆ. ಅಲ್ಲಿನ ಅಂಕಿಯನ್ನೇ ಎತ್ತಿ ಇಲ್ಲಿ ಬರೆದು ಕೆಟ್ಟವರನ್ನು ಬೇಕಾದಷ್ಟು ನೋಡಿದ್ದೇನೆ.

ನೀವು ಕಳಿಸಿದ ಅಂಕಿಗಳನ್ನೇ ಹಿಡಿಯೋಣ. ಕಳೆದ ಹಣಕಾಸು ವರ್ಷದ ವಹಿವಾಟು 96 ಲಕ್ಷ. ನಿವ್ವಳ ಲಾಭ 14.4 ಲಕ್ಷ, ಪಾಲಿಸಿಯಲ್ಲಿ ಬರೆಸಿದ ಖಾಯಂ ಖರ್ಚು 24 ಲಕ್ಷ. ಒಟ್ಟು 38.4 ಲಕ್ಷ, ಅಂದರೆ ವಹಿವಾಟಿನ ಶೇ 40. ಹಿಂದಿನ ವರ್ಷ ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ 30 ಲಕ್ಷ ವ್ಯಾಪಾರ ಆಗಿತ್ತು. ಈ ವರ್ಷ ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ವ್ಯಾಪಾರ ಶೇ 10ರಷ್ಟು ಜಾಸ್ತಿ ನಡೆದಿದೆ. ಮಳೆ ಬರದಿದ್ದರೆ ಈ ಮೂರು ತಿಂಗಳಲ್ಲಿ 33 ಲಕ್ಷ ಆಗುತ್ತಿತ್ತು ಎಂದು ವಾದಿಸಬಹುದು. ಆಯುಧಪೂಜೆ, ದೀಪಾವಳಿ ಇದೇ ಅವಧಿಯಲ್ಲಿ ಬರುವುದರಿಂದ ಹಿಂದಿನ ವರ್ಷದ ಇದೇ ತಿಂಗಳುಗಳ ಜತೆಗೇ ಹೋಲಿಸಬೇಕು. ವರ್ಷದ ವ್ಯಾಪಾರವನ್ನು ಹನ್ನೆರಡರಿಂದ ಭಾಗಿಸಿದರೆ ನಷ್ಟ ನಿಮಗೇ. ನಿಜವಾಗಿ ಆದದ್ದು 15 ಲಕ್ಷ. ಕಡಿಮೆಯಾದ 18 ಲಕ್ಷಕ್ಕೆ ಶೇ 40 ಅಂದರೆ 7.2 ಲಕ್ಷ.

ಕೆ.ಆರ್. ಪುರದ ಸ್ನೇಹಿತರ ಓವನ್ ಬಾಡಿಗೆಗೆ ಹಿಡಿದು ಹೋಟೆಲ್‌ಗಳಿಗೆ ಬನ್ ಕೊಟ್ಟೆ ಎಂದಿದ್ದೀರಿ. ಒಳ್ಳೆಯ ಕೆಲಸ. ಆ 1.2 ಲಕ್ಷದ ಹೆಚ್ಚುವರಿ ಖರ್ಚನ್ನೂ ಕೇಳಿ. ಆ ಖರ್ಚಿನಿಂದ ಕೈತಪ್ಪದೆ ಉಳಿದ ವ್ಯಾಪಾರ 4 ಲಕ್ಷ, ಅದರ ಶೇ 40 ಅಂದರೆ 1.6 ಲಕ್ಷ. ಖರ್ಚು ಅದರೊಳಗೇ ಇರುವುದರಿಂದ ಪೂರ್ತಿ ಲೆಕ್ಕಕ್ಕೆ ಬರುತ್ತದೆ. ಒಟ್ಟು 8.4 ಲಕ್ಷ. ಮಾಲೀಕರು ಒಂದು ತಿಂಗಳ ಬಾಡಿಗೆ 40 ಸಾವಿರ ಬಿಟ್ಟರಲ್ಲ, ಅದನ್ನು ಕಳೆಯಬೇಕು. 8 ಲಕ್ಷ ಉಳಿಯಿತು.

ಪೆಟ್ಟು ಬೀಳುವುದು ಮುಂದೆ. ವಿಮೆ ಪೂರ್ತಿ ವರ್ಷದ ಗ್ರಾಸ್ ಪ್ರಾಫಿಟ್‌ಗೆ ಇರಬೇಕು, ಕಡಿಮೆ ಇದ್ದರೆ ಕ್ಲೇಮ್ ಕೂಡ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಮಳೆಗೆ ಹಿಂದಿನ 12 ತಿಂಗಳ ವಹಿವಾಟು, ಏರಿಕೆ ಸರಿಹೊಂದಿಸಿದ ಮೇಲೆ, 1 ಕೋಟಿ ಎಂದುಕೊಳ್ಳಿ. ಶೇ 40ರಂತೆ ನೀವು ಮಾಡಿಸಬೇಕಿದ್ದ ವಿಮೆ 40 ಲಕ್ಷ. ಮಾಡಿಸಿದ್ದು 30. ಮುಕ್ಕಾಲು ಭಾಗ ಅಷ್ಟೇ. ಹಾಗಾಗಿ ಕೈಗೆ ಬರುವುದೂ ಮುಕ್ಕಾಲು: 6 ಲಕ್ಷ. ಪಾಲಿಸಿಯಲ್ಲಿ ಮೊದಲ ಇಷ್ಟು ದಿನದ ನಷ್ಟ ನಿಮ್ಮದು ಎಂದು ಬರೆದಿದ್ದರೆ ಅದೂ ಹೋಗುತ್ತದೆ. ಪ್ರೀಮಿಯಂನಲ್ಲಿ ಉಳಿಸಿದ ಕೆಲವು ಸಾವಿರಕ್ಕೆ 2 ಲಕ್ಷ ತೆತ್ತಂತಾಯಿತು.

ಇನ್ನೊಂದು ವಿಷಯ. ಬೇಕರಿ ಹುಡುಗರನ್ನು ಊರಿಗೆ ಕಳಿಸದೆ ಸಂಬಳ ಕೊಟ್ಟು ಇಟ್ಟುಕೊಂಡಿದ್ದೀರಿ. ಪಾಲಿಸಿಯ ಖಾಯಂ ಖರ್ಚಿನ ಪಟ್ಟಿಯಲ್ಲಿ ಕೂಲಿ, ಸಂಬಳ ಇದೆಯಾ ಇವತ್ತೇ ತೆಗೆದು ನೋಡಿ. ಇಲ್ಲದಿದ್ದರೆ ನಾನು ಹಿಡಿದ ಶೇ 40 ಇಳಿಯುತ್ತದೆ.

ಓವನ್ ಕ್ಲೇಮ್ ಮೊದಲೇ ಪಾಸಾಗಿರುವುದು ನಿಮ್ಮ ಅದೃಷ್ಟ. ವಿಮೆ ಮಾಡಿಸಿದ ಆಸ್ತಿಗೆ ಹಾನಿಯಾಗಿ ಆ ಕ್ಲೇಮ್ ಒಪ್ಪಿಗೆಯಾಗದಿದ್ದರೆ ಸಾಮಾನ್ಯವಾಗಿ ಲಾಸ್ ಆಫ್ ಪ್ರಾಫಿಟ್‌ನ ಬಾಗಿಲೇ ತೆರೆಯುವುದಿಲ್ಲ. 2022ರ ಆಗಸ್ಟ್ 30 ನೆನಪಿದೆಯಾ? ಹೊರವರ್ತುಲ ರಸ್ತೆಯಲ್ಲಿ ನೌಕರರು ಗಂಟೆಗಟ್ಟಲೆ ಸಿಕ್ಕಿಕೊಂಡರು. ಆ ಒಂದೇ ದಿನ 225 ಕೋಟಿ ನಷ್ಟ ಎಂದು ಅಲ್ಲಿನ ಕಂಪನಿಗಳ ಸಂಘ ಮುಖ್ಯಮಂತ್ರಿಗೆ ಪತ್ರ ಬರೆದಿತ್ತು. ಸುಮ್ನೆ ರಸ್ತೆಯಲ್ಲಿ ನೀರು ನಿಂತು ಜನ ಬರಲಾಗಲಿಲ್ಲ ಎಂಬ ಅಂಥ ನಷ್ಟ ಈ ಪಾಲಿಸಿಗೆ ಬರುವುದಿಲ್ಲ. ದಾರಿ ಬಂದ್ ಆದರೆ, ಕರೆಂಟ್ ಹೋದರೆ ಎಂದು ಬೇರೆಯಾಗಿ ಸೇರಿಸಿಕೊಂಡಿರಬೇಕು.

ಈಗ ನಗದಿನ ಮಾತು. ಆ ದಾರಿಗೆ ಹೋಗಬೇಡಿ. ತೆರಿಗೆಗೆ ಒಂದು ಲೆಕ್ಕ, ಕ್ಲೇಮ್‌ಗೆ ಇನ್ನೊಂದು ಲೆಕ್ಕ ನಡೆಯುವುದಿಲ್ಲ. ನಷ್ಟ ಅಳೆಯಲು ವಿಮಾ ಕಂಪನಿ ಕಳಿಸುವ ಸರ್ವೇಯರ್ ಮೊದಲು ನೋಡುವುದೇ ಜಿಎಸ್‌ಟಿ ರಿಟರ್ನ್. ಎರಡು ತಾಳೆಯಾಗದಿದ್ದರೆ ಸರಿಯಾದ ಅಂಕಿಯ ಮೇಲೂ ಅನುಮಾನ ಬರುತ್ತದೆ.

ನೀವು ಜಿಎಸ್‌ಟಿಯ ಕಾಂಪೋಸಿಷನ್‌ನಲ್ಲಿ, ಅಂದರೆ ಸಣ್ಣ ವ್ಯಾಪಾರಿಗಳ ಸರಳ ತೆರಿಗೆ ಯೋಜನೆಯಲ್ಲಿ ಇರುವುದರಿಂದ ಇನ್ನೊಂದು ತೊಡಕಿದೆ. ನೀವು ವ್ಯಾಪಾರದ ಲೆಕ್ಕ ಕೊಟ್ಟು ತೆರಿಗೆ ಕಟ್ಟುವ ಸಿಎಂಪಿ–08 ನಮೂನೆ ಮೂರು ತಿಂಗಳಿಗೊಮ್ಮೆ. ಜುಲೈ, ಆಗಸ್ಟ್, ಸೆಪ್ಟೆಂಬರ್ ಒಟ್ಟಿಗೆ ಬರುತ್ತವೆ, ಸೆಪ್ಟೆಂಬರ್ ಒಂದನ್ನೇ ಬಿಡಿಸಲು ಆಗುವುದಿಲ್ಲ. ತಿಂಗಳ ವ್ಯಾಪಾರವನ್ನು ಬೇರೆ ಕಡೆಯಿಂದ ತೋರಿಸಬೇಕು. ಬ್ಯಾಂಕ್ ಸ್ಟೇಟ್‌ಮೆಂಟ್, ಫೋನ್‌ಪೇ–ಗೂಗಲ್ ಪೇ ವರದಿ ತೆಗೆಯಿರಿ. ಮೈದಾ ಖರೀದಿ ಬಿಲ್ಲು, ಬೆಸ್ಕಾಂ ಬಿಲ್ಲು ಜೋಡಿಸಿ. ನಿಮ್ಮ ಮಿಷನ್ನು, ಓವನ್ನು ಓಡಿದ್ದೆಷ್ಟು, ನಿಂತಿದ್ದು ಯಾವಾಗ ಎಂದು ಬೆಸ್ಕಾಂ ಯೂನಿಟ್ಟೇ ಹೇಳುತ್ತದೆ.

ಹಿಂದೊಮ್ಮೆ ಇಂಥದೇ ಇನ್ನೊಂದು ಬೇಕರಿಯ ಕ್ಲೇಮ್ ನೋಡಿದ್ದೆ. ಪುಸ್ತಕಗಳೆಲ್ಲ ನೆನೆದು ಮುದ್ದೆಯಾಗಿದ್ದವು. ಉಳಿದಿದ್ದು ಗೋಡೆಯ ಮೇಲೆ ಎತ್ತರದಲ್ಲಿದ್ದ ಎಣ್ಣೆ ಅಂಗಡಿಯ ಕ್ಯಾಲೆಂಡರ್ ಮಾತ್ರ. ಭಟ್ಟರು ದಿನಾ ರಾತ್ರಿ ತಾರೀಖಿನ ಚೌಕದಲ್ಲಿ ಕಲಸಿದ ಮೈದಾ ಎಷ್ಟು ಕೆ.ಜಿ. ಎಂದು ಪೆನ್ಸಿಲ್‌ನಲ್ಲಿ ಗೀಚುತ್ತಿದ್ದರು. ಸರ್ವೇಯರ್ ಅದನ್ನು ಕೆಳಗಿಳಿಸಿ ಖರೀದಿ ಬಿಲ್ಲಿನ ಪಕ್ಕ ಇಟ್ಟರು. ಹೆಚ್ಚುಕಡಿಮೆ ತಾಳೆಯಾಯಿತು. ಯಾವ ಆಡಿಟ್ ವರದಿಗೂ ಸಿಗದ ಮರ್ಯಾದೆ ಆ ಕ್ಯಾಲೆಂಡರ್‌ಗೆ ಸಿಕ್ಕಿತು.

ಮಳೆಯ ಪುರಾವೆಗೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಅಥವಾ ಹವಾಮಾನ ಇಲಾಖೆಯ ಮಳೆ ಅಂಕಿ ಸಾಕು. ಅದಕ್ಕಿಂತ ಮುಖ್ಯ, ಬಾಗಿಲು 40 ದಿನ ಯಾಕೆ ಹಾಕಿತ್ತು ಎಂಬುದು. ಹತ್ತು ದಿನದಲ್ಲಿ ಆಗುವ ರಿಪೇರಿ ಅಲ್ವಾ ಎಂದು ಕೇಳಿಯೇ ಕೇಳುತ್ತಾರೆ. ಮೋಟಾರಿಗೆ ಆರ್ಡರ್ ಕೊಟ್ಟ ದಿನ, ಮೆಕ್ಯಾನಿಕ್ ಜತೆಗಿನ ವಾಟ್ಸ್‌ಆ್ಯಪ್ ಮಾತು, ಮಾಲು ಬಂದ ಡೆಲಿವರಿ ಚಲನ್, ಎಲ್ಲವನ್ನೂ ತಾರೀಖಿನ ಪ್ರಕಾರ ಒಂದು ಹಾಳೆಗೆ ಇಳಿಸಿ.

ಸಾಮಾನ್ಯವಾಗಿ ನಷ್ಟದ ಅವಧಿ ಮುಗಿದ 30 ದಿನದೊಳಗೆ ಪೂರ್ತಿ ಲೆಕ್ಕ ಬರಹದಲ್ಲಿ ಕೊಡಬೇಕು. ನಿಮ್ಮದು ನವೆಂಬರ್ 30ಕ್ಕೆ ಮುಗಿದಿದೆ, ಡಿಸೆಂಬರ್ 30 ದಾಟಿಸಬೇಡಿ. ಆಡಿಟರ್ ಕೈ ಬಿಡುವಿಲ್ಲ ಎಂದರೆ ಇನ್ನಷ್ಟು ದಿನ ಬೇಕೆಂದು ಮೊದಲೇ ಇಮೇಲ್ ಹಾಕಿ. ಖುದ್ದಾಗಿ ಕೊಟ್ಟರೆ ನಕಲಿನ ಮೇಲೆ ತಾರೀಖು ಸಮೇತ ಸೀಲು ಹಾಕಿಸಿಕೊಂಡೇ ಬನ್ನಿ.