ಒಂದು ಎಕರೆ ತೋಟ, ಒಂದು ಮೆಡಿಕಲ್ ಸೀಟು

ಓದುಗರ ಪ್ರಶ್ನೆ, ಡಾಕ್ಟರಮ್ಮನ ಉತ್ತರ

ಮೊದಲ ಪತ್ರ ಬರೆದ ಹುಡುಗಿ, ಸಿಕ್ಕ ಸೀಟು ಒಪ್ಪಬೇಕೋ ಬಿಡಬೇಕೋ ಎಂದು ತಿಳಿಸಲು ಮೂರು ದಿನದ ಗಡುವಿತ್ತು. ಪತ್ರಿಕೆ ಅಚ್ಚಾಗಿ ಚನ್ನಗಿರಿ ಸೇರುವಷ್ಟರಲ್ಲಿ ಎಲ್ಲ ಮುಗಿದಿರುತ್ತಿತ್ತು. ಹಾಗಾಗಿ ಸಂಪಾದಕರು ಪತ್ರವನ್ನು ಅಂದೇ ನನಗೆ ಕಳಿಸಿದರು. ನಾನು ಅಂದೇ ರಾತ್ರಿ ಹುಡುಗಿಗೆ ಮೇಲ್ ಮಾಡಿದೆ. ಆಕೆಯ ಒಪ್ಪಿಗೆ ಪಡೆದು ಅದನ್ನೇ ಇಲ್ಲಿ ಕೊಡುತ್ತಿದ್ದೇನೆ.

ಪ್ರಶ್ನೆ: ಡಾಕ್ಟರಮ್ಮನವರಿಗೆ ನಮಸ್ಕಾರ. ನನಗೆ 19 ವರ್ಷ. ಚನ್ನಗಿರಿ ತಾಲ್ಲೂಕಿನ ಹಳ್ಳಿ. ಪಿಯುಸಿ ಆದ ಮೇಲೆ ಒಂದು ವರ್ಷ ಲಾಂಗ್ ಟರ್ಮ್ ಕೋಚಿಂಗ್‌ಗೆ ಹೋಗಿ ಎರಡನೇ ಸಲ ನೀಟ್ ಬರೆದೆ. ಸರ್ಕಾರಿ ಸೀಟಿಗೆ ರ‍್ಯಾಂಕ್ ಸಾಲಲಿಲ್ಲ. ಮೊದಲ ಸುತ್ತಿನಲ್ಲಿ ಒಂದು ಖಾಸಗಿ ಕಾಲೇಜಿನ ಪ್ರೈವೇಟ್ ಸೀಟು (ಸರ್ಕಾರಿ ಕೋಟಾದ್ದಲ್ಲ) ಬಂದಿದೆ. ವರ್ಷಕ್ಕೆ 12 ಲಕ್ಷ. ಹಾಸ್ಟೆಲ್, ಊಟ ಬೇರೆ. ನಮಗಿರುವುದು ಎರಡೂವರೆ ಎಕರೆ ಅಡಕೆ ತೋಟ. ಒಂದು ಎಕರೆ ಮಾರಿದರೆ 25 ಲಕ್ಷ ಬರುತ್ತದೆ, ಮಿಕ್ಕ 40 ಲಕ್ಷಕ್ಕೆ ಮನೆ ಅಡವಿಟ್ಟು ಬ್ಯಾಂಕ್ ಸಾಲ ಮಾಡೋಣ ಎಂದು ಅಪ್ಪ ಲೆಕ್ಕ ಹಾಕಿದ್ದಾರೆ. ತಮ್ಮ ಒಂಬತ್ತನೇ ಕ್ಲಾಸು. ಬಸ್‌ಸ್ಟ್ಯಾಂಡ್ ಎದುರು ನನ್ನ ಫೋಟೋದ ಫ್ಲೆಕ್ಸ್ ಕೂಡ ಹಾಕಿಸಿದ್ದಾರೆ.

ಸಿಇಟಿಯಲ್ಲಿ ಕೃಷಿಕರ ಕೋಟಾದಲ್ಲಿ ಶಿವಮೊಗ್ಗದ ವೆಟರ್ನರಿ ಕಾಲೇಜು ಸಿಕ್ಕಿದೆ. ಹೋದ ವರ್ಷ ನಮ್ಮ ಹಸು ಕರು ಹಾಕುವಾಗ ಕರುವಿನ ತಲೆ ಹಿಂದಕ್ಕೆ ತಿರುಗಿಕೊಂಡಿತ್ತು. ರಾತ್ರಿ ಹನ್ನೊಂದಕ್ಕೆ ಡಾಕ್ಟರು ಬಂದರು. ಟಾರ್ಚ್ ಹಿಡಿದು ನಿಂತವಳು ನಾನು. ಅವತ್ತಿನಿಂದ ಅದು ತಲೆಯಲ್ಲಿದೆ. ಅಪ್ಪನಿಗೆ ಹೇಳಿದರೆ, ‘ದನದ ಡಾಕ್ಟರ್ ಆಗೋಕೆ ನಿನಗೆ ಕೋಚಿಂಗ್ ಕೊಡಿಸಿದ್ನಾ?’ ಅಂದರು. ಮೂರನೇ ಸಲ ನೀಟ್ ಬರೆಯಲು ನನ್ನಿಂದ ಆಗದು. ಕೋಚಿಂಗ್ ಹಾಸ್ಟೆಲಿನ ರೂಮು ನೆನೆದರೆ ಈಗಲೂ ಹೊಟ್ಟೆ ತೊಳೆಸುತ್ತದೆ. ಸಿಕ್ಕಿದ ಮೆಡಿಕಲ್ ಸೀಟು ಬಿಟ್ಟರೆ ಜೀವಮಾನವಿಡೀ ಕೊರಗುತ್ತೀಯ ಎಂದು ಎಲ್ಲರೂ ಹೇಳುತ್ತಾರೆ. ಏನು ಮಾಡಲಿ?

ಉತ್ತರ: ಮಗು, ನಿನಗೆ ಸಮಯ ಕಡಿಮೆ ಇದೆ. ಹಾಗಾಗಿ ಮೊದಲು ಅಭಿಪ್ರಾಯ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಈ ಸೀಟು ಈ ದುಡ್ಡಿಗೆ ಬೇಡ.

ನಿಮ್ಮಪ್ಪ 65 ಲಕ್ಷ ಎಂದು ಕೂಡಿದ್ದಾರೆ. ನಾಲ್ಕೂವರೆ ವರ್ಷದ ಓದಿಗೆ ಫೀಸೇ 54 ಲಕ್ಷ. ಮೇಲೆ ಒಂದು ವರ್ಷ ಇಂಟರ್ನ್‌ಶಿಪ್. ಒಟ್ಟು ಐದೂವರೆ ವರ್ಷಕ್ಕೆ ಹಾಸ್ಟೆಲ್, ಊಟ, ಪುಸ್ತಕ ಅಂತ ವರ್ಷಕ್ಕೆ ಎರಡು ಲಕ್ಷ ಹಿಡಿದರೆ 11 ಲಕ್ಷ. ಕೂಡಿದ್ದು ಸರಿಯಾಗಿದೆ. ಆದರೆ ಬಡ್ಡಿ ಎಲ್ಲಿ? ಎಜುಕೇಶನ್ ಲೋನಿನಲ್ಲಿ ಓದುವಾಗ ಕಂತು ಕಟ್ಟಬೇಕಿಲ್ಲ, ನಿಜ. ಬಡ್ಡಿ ಮಾತ್ರ ಮೊದಲ ದಿನದಿಂದಲೇ ಓಡುತ್ತಿರುತ್ತದೆ. ವರ್ಷಕ್ಕೆ 8 ಲಕ್ಷದಂತೆ ಐದು ವರ್ಷ ಎತ್ತಿದೆ ಅಂತಿಟ್ಟುಕೋ. ಬಡ್ಡಿ ನೂರಕ್ಕೆ 10. ಓದು ಮುಗಿದು ಒಂದು ವರ್ಷದ ಬಿಡುವು ಕಳೆದು ಕಂತು ಶುರುವಾಗುವ ಹೊತ್ತಿಗೆ 40 ಲಕ್ಷ ಹೋಗಿ 58 ಲಕ್ಷ ಆಗಿರುತ್ತದೆ. ಚಕ್ರಬಡ್ಡಿ ಹಾಕದೆ ಇದು. ಅದನ್ನು 15 ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 62 ಸಾವಿರ ಬೇಕು. ಎಲ್ಲ ಕಂತು ಸೇರಿದರೆ ಒಂದು ಕೋಟಿ ಹನ್ನೆರಡು ಲಕ್ಷ. ಕೊನೆಯ ಕಂತು ಕಟ್ಟುವಾಗ ನಿನಗೆ ನಲವತ್ತು ದಾಟಿರುತ್ತದೆ.

ಎಂಬಿಬಿಎಸ್ ಮುಗಿಸಿ ಮೊದಲ ಕೆಲಸಕ್ಕೆ ಸೇರಿದ, ನನಗೆ ಗೊತ್ತಿರುವ ಮಕ್ಕಳಿಗೆ ಸಿಗುವ ತಿಂಗಳ ಸಂಬಳವೇ ಹೆಚ್ಚುಕಡಿಮೆ ಆ ಕಂತಿನಷ್ಟು. ಬರೀ ಎಂಬಿಬಿಎಸ್ ಸಾಲದು ಎಂದು ಎಲ್ಲರೂ ಪಿಜಿಗೆ ಓಡುತ್ತಾರೆ. ಅದಕ್ಕೆ ಇನ್ನೊಂದು ನೀಟ್, ಮೂರು ವರ್ಷ. ಕೋಚಿಂಗ್ ರೂಮು ನೆನೆದರೆ ಹೊಟ್ಟೆ ತೊಳೆಸುತ್ತದೆ ಎಂದು ಬರೆದವಳು ನೀನು. ಆ ರೂಮು ಅಲ್ಲಿಗೆ ಮುಗಿಯುವುದಿಲ್ಲ.

ನಾನು ಮೂವತ್ತು ವರ್ಷ ತಾಲ್ಲೂಕು ಆಸ್ಪತ್ರೆಗಳಲ್ಲಿ ಕೆಲಸ ಮಾಡಿದವಳು. ನಿವೃತ್ತಿಗೆ ಎರಡು ವರ್ಷ ಇದ್ದಾಗ ಗುತ್ತಿಗೆ ಮೇಲೆ ಒಬ್ಬ ಹುಡುಗ ಬಂದ. ಒಳ್ಳೆಯ ಕೈ, ಒಳ್ಳೆಯ ಮಾತು. ಅಜ್ಜಿಯರೆಲ್ಲ ಅವನ ಸಾಲಿನಲ್ಲೇ ನಿಲ್ಲುತ್ತಿದ್ದರು. ಹಗಲು ನಮ್ಮಲ್ಲಿ, ರಾತ್ರಿ ಪಕ್ಕದ ಊರಿನ ನರ್ಸಿಂಗ್ ಹೋಮಿನಲ್ಲಿ ಡ್ಯೂಟಿ. ಯಾಕಪ್ಪಾ ಅಂದರೆ, ‘ಕಂತು ಮೇಡಂ’ ಅನ್ನುತ್ತಿದ್ದ. ಒಂದು ಬೆಳಿಗ್ಗೆ ಒಂದೇ ಚೀಟಿಯಲ್ಲಿ ಒಂದೇ ಮಾತ್ರೆಯನ್ನು ಎರಡು ಹೆಸರಿನಲ್ಲಿ ಎರಡು ಸಲ ಬರೆದಿದ್ದ. ಕೊಡುವ ಮೊದಲು ಸಿಸ್ಟರ್ ಕಣ್ಣಿಗೆ ಬಿತ್ತು, ಏನೂ ಆಗಲಿಲ್ಲ. ಅವನು ಡ್ರೆಸ್ಸಿಂಗ್ ರೂಮಿಗೆ ಹೋಗಿ ಅತ್ತ. ಪಿಜಿ ಪುಸ್ತಕ ಅವನ ಬ್ಯಾಗಿನಲ್ಲೇ ಇರುತ್ತಿತ್ತು, ತೆರೆದಿದ್ದನ್ನು ನಾನು ನೋಡಲಿಲ್ಲ. ಅವನಿಗೆ ವೈದ್ಯಕೀಯ ಇಷ್ಟವಿತ್ತು. ನನಗಿಂತ ಜಾಸ್ತಿ ಇಷ್ಟವಿತ್ತು. ಆದರೆ ಯಾವ ಊರಿನಲ್ಲಿ ಇರಬೇಕು, ಎಷ್ಟು ಗಂಟೆ ದುಡಿಯಬೇಕು, ಏನು ಓದಬೇಕು ಎಂಬುದನ್ನೆಲ್ಲ ಸಾಲವೇ ತೀರ್ಮಾನ ಮಾಡುತ್ತಿತ್ತು.

ನನ್ನ ಕಾಲದ್ದು ಹೇಳಬೇಕಲ್ಲ. ನಾನು ಸೇರಿದಾಗ ಸಿಇಟಿಯೂ ಇರಲಿಲ್ಲ. ನಮ್ಮಪ್ಪ ಕನ್ನಡ ಶಾಲೆ ಮಾಸ್ತರು. ನನ್ನ ಒಂದು ವರ್ಷದ ಫೀಸು ಅವರ ಒಂದು ತಿಂಗಳ ಸಂಬಳಕ್ಕಿಂತ ಕಡಿಮೆ ಇತ್ತು. ನನ್ನ ರೂಮ್‌ಮೇಟ್ ಮೊದಲ ವರ್ಷವೇ ಅನಾಟಮಿ ಹಾಲಿನಿಂದ ಹೊರಗೆ ಬಂದು ಟ್ರಂಕು ಕಟ್ಟಿದಳು. ಬಾಟನಿ ಓದಿ ಲೆಕ್ಚರರ್ ಆದಳು. ಅವಳ ಮನೆಯಲ್ಲಿ ಒಂದು ವಾರ ಮಾತು ಬಿಟ್ಟಿದ್ದರಂತೆ, ಅಷ್ಟೇ. ನಿನಗೆ ಹಾಗೆ ಟ್ರಂಕು ಕಟ್ಟಲು ಆಗುವುದಿಲ್ಲ. ಒಂದು ಎಕರೆ ಮಾರಿದ ಮೇಲೆ ಎರಡನೇ ವರ್ಷದಲ್ಲಿ ‘ನನಗೆ ಬೇಡ’ ಅನ್ನುವ ಧೈರ್ಯ ಯಾವ ಮಗಳಿಗೆ ಬಂದೀತು?

ಈಗ ಚಾಯ್ಸ್ ವಿಷಯ. ಸೀಟು ಸಿಕ್ಕಿದವರಿಗೆ ಕೆಇಎ, ಅಂದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ನಾಲ್ಕು ದಾರಿ ಕೊಡುತ್ತದೆ. ಒಂದನೆಯದು, ಸೀಟು ಒಪ್ಪಿ ಫೀಸು ಕಟ್ಟಿ ಕಾಲೇಜಿಗೆ ಹೋಗುವುದು. ಎರಡನೆಯದು, ಇದನ್ನು ಹಿಡಿದುಕೊಂಡೇ ಮುಂದಿನ ಸುತ್ತಿನಲ್ಲಿ ಇದಕ್ಕಿಂತ ಮೇಲೆ ಬರೆದ ಕಾಲೇಜಿಗೆ ಕಾಯುವುದು. ಮೇಲಿನದು ಸಿಕ್ಕಿದರೆ ಕೆಳಗಿನದು ತಾನಾಗಿ ಹೋಗುತ್ತದೆ. ಮೂರನೆಯದು, ಇದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು. ನಾಲ್ಕನೆಯದು, ಪೂರ್ತಿ ಹೊರಗೆ. ಎರಡನೆಯದು ಜಾಣ ದಾರಿ ಅಂತ ಎಲ್ಲರಿಗೂ ಅನಿಸುತ್ತದೆ. ಆದರೆ ಮೆಡಿಕಲ್‌ನಲ್ಲಿ ಈಗೀಗ ಅದಕ್ಕೂ ಫೀಸು ಕಟ್ಟಬೇಕು. ಆ 12 ಲಕ್ಷಕ್ಕಾಗಿ ನಿಮ್ಮಪ್ಪ ಈ ವಾರವೇ ತೋಟಕ್ಕೆ ಗಿರಾಕಿ ಹುಡುಕುತ್ತಾರೆ. ಅವಸರಕ್ಕೆ ಮಾರುವವನಿಗೆ ಒಳ್ಳೆಯ ಬೆಲೆ ಸಿಗುವುದಿಲ್ಲ, ಅದನ್ನು ನಾನು ಹೇಳಬೇಕಿಲ್ಲ.

ಖಾಸಗಿ ಕಾಲೇಜಿನಲ್ಲೂ ಸರ್ಕಾರಿ ಕೋಟಾದ ಸೀಟುಗಳಿವೆ, ಅವುಗಳ ಫೀಸು ಒಂದೂವರೆ ಲಕ್ಷದ ಆಸುಪಾಸು. ಮೂರನೆಯ ದಾರಿ ಹಿಡಿದು ಎರಡನೇ ಸುತ್ತಿನಲ್ಲಿ ಅಂಥದ್ದು ಬಂದರೆ ನನ್ನ ಉತ್ತರ ಬೇರೆ. ಆಗ ನಿಮ್ಮಪ್ಪನ ಪರವಾಗಿ ನಾನೇ ವಾದ ಮಾಡುತ್ತೇನೆ. ನಿನ್ನ ವೆರಿಫಿಕೇಶನ್ ಸ್ಲಿಪ್ ಒಮ್ಮೆ ತೆಗೆದು ನೋಡು. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದ್ದರೆ ಗ್ರಾಮೀಣ ಮೀಸಲಾತಿ, ಕನ್ನಡದಲ್ಲೇ ಓದಿದ್ದರೆ ಕನ್ನಡ ಮಾಧ್ಯಮದ್ದು. ಎರಡೂ ಸರಿಯಾಗಿ ದಾಖಲಾಗಿವೆಯಾ? ಇನ್ನೊಂದು ಮಾತು. ವೆಟರ್ನರಿಯನ್ನೂ ಮೆಡಿಕಲನ್ನೂ ಹಂಚುವುದು ಕೆಇಎಯೇ. ಎರಡು ದೋಣಿಯಲ್ಲಿ ಕಾಲಿಡಲು ಬಿಡುವುದಿಲ್ಲ. ಮೆಡಿಕಲ್‌ಗೆ ಚಾಯ್ಸ್ 3 ಒತ್ತಿದರೆ ವೆಟರ್ನರಿ ಸೀಟು ಉಳಿಯುತ್ತದೋ ಹೋಗುತ್ತದೋ ಎಂದು ಸಹಾಯವಾಣಿಗೆ ಫೋನ್ ಮಾಡಿ ಕೇಳು. ಕೇಳುವ ಮೊದಲು ಯಾವ ಬಟನ್ನೂ ಒತ್ತಬೇಡ. ನಿಯಮ ವರ್ಷ ವರ್ಷ ಬದಲಾಗುತ್ತದೆ. ಸೈಬರ್ ಸೆಂಟರಿನ ಹುಡುಗ ಹೇಳುವುದು ಹೋದ ವರ್ಷದ್ದು.

ಹಾಗಂತ ವೆಟರ್ನರಿಗೆ ಕಣ್ಣು ಮುಚ್ಚಿ ಹೋಗು ಎನ್ನುತ್ತಿಲ್ಲ. ಟಾರ್ಚ್ ಹಿಡಿದ ಒಂದು ರಾತ್ರಿಯನ್ನು ನಂಬಿ ಐದೂವರೆ ವರ್ಷ ಕೊಡಬೇಡ. ಹೌದು, ಅದೂ ಐದೂವರೆ ವರ್ಷದ ಓದೇ. ಅವತ್ತು ಬಂದಿದ್ದರಲ್ಲ, ಆ ಡಾಕ್ಟರ ಹತ್ತಿರ ನಾಳೆ ಬೆಳಿಗ್ಗೆ ಹೋಗು. ಈ ವಾರ ಏನೇನು ಮಾಡಿದಿರಿ ಸಾರ್ ಅಂತ ಕೇಳು. ಅರ್ಧ ದಿನ ಕೃತಕ ಗರ್ಭಧಾರಣೆ, ಕಾಲುಬಾಯಿ ರೋಗದ ಲಸಿಕೆ, ಕಿವಿಗೆ ಓಲೆ ಹಾಕಿ ನಂಬರ್ ಬರೆದುಕೊಳ್ಳುವುದು, ಮಿಕ್ಕಿದ್ದು ಕಾಗದ ಪತ್ರ ಎಂದಾರು. ಕೆಚ್ಚಲು ಬಾವು ದಿನಾ ನೋಡಬೇಕು. ಒದೆ ತಿನ್ನಬೇಕು. ಅದನ್ನೆಲ್ಲ ಕೇಳಿದ ಮೇಲೂ ಮನಸ್ಸು ಅಲ್ಲೇ ನಿಂತರೆ ಶಿವಮೊಗ್ಗಕ್ಕೆ ಹೋಗು. ಕೃಷಿಕರ ಕೋಟಾದ ಪ್ರಾಯೋಗಿಕ ಪರೀಕ್ಷೆಯಲ್ಲಿ ಬೀಜ, ಸಲಕರಣೆ ಗುರುತಿಸಿ ಪಾಸಾದವಳಲ್ವಾ ನೀನು? ಆ ಸೀಟೂ ಯಾರೂ ದಾನ ಕೊಟ್ಟದ್ದಲ್ಲ.

ಅಪ್ಪನ ಜೊತೆ ಬಾಯಿಮಾತಿನಲ್ಲಿ ಗೆಲ್ಲಲು ನೋಡಬೇಡ. ಮೇಲಿನ ಲೆಕ್ಕವನ್ನು ನೋಟ್‌ಬುಕ್ಕಿನಲ್ಲಿ ಬರೆದು ಮುಂದಿಡು. ಅಡಕೆ ಫಸಲನ್ನು ಚೇಣಿ (ಗುತ್ತಿಗೆ) ಕೊಡುವಾಗ ಮರ ಮರ ನೋಡಿ, ಗೊನೆ ಎಣಿಸಿ ದರ ಮಾತಾಡುವ ಮನುಷ್ಯ ಅವರು. ತಿಂಗಳಿಗೆ 62 ಸಾವಿರ ಎಂದರೆ ಉಳಿಯುವ ಒಂದೂವರೆ ಎಕರೆಯಲ್ಲಿ ಎಷ್ಟು ಕ್ವಿಂಟಾಲು ಎಂದು ಅವರೇ ಲೆಕ್ಕ ಹಾಕುತ್ತಾರೆ. ಬೋರ್‌ವೆಲ್ ಕೈಕೊಟ್ಟರೆ ಏನು ಎಂಬುದೂ ಅವರಿಗೇ ಹೊಳೆಯುತ್ತದೆ. ತಮ್ಮನ ಹೆಸರನ್ನೂ ಆ ಪುಟದಲ್ಲಿ ಬರೆ. ಅವನಿಗೆ ಇನ್ನು ನಾಲ್ಕು ವರ್ಷದೊಳಗೆ ಪಿಯುಸಿ ಮುಗಿಯುತ್ತದೆ. ಅಪ್ಪ ಸಿಟ್ಟಾದರೆ ಒಂದು ದಿನ ಬಿಡು. ಅವರಿಗೆ ಸಾಲಕ್ಕಿಂತ ಊರವರ ಮಾತೇ ದೊಡ್ಡ ಚಿಂತೆ ಇರಬಹುದು. ಫ್ಲೆಕ್ಸ್ ಹಾಕಿಸಿಬಿಟ್ಟಿದ್ದಾರಲ್ಲ ಪಾಪ. ಗಣೇಶನ ಹಬ್ಬ ಬಂತು, ಆ ಜಾಗಕ್ಕೆ ಬೇರೆ ಫ್ಲೆಕ್ಸ್ ಬರುತ್ತದೆ ಬಿಡು.

ಕೊರಗಿನ ವಿಷಯ ಕೇಳಿದ್ದೀಯ. ಕೊರಗು ಸ್ವಲ್ಪ ಇರುತ್ತದೆ. ಜೊತೆಯಲ್ಲಿ ಕೋಚಿಂಗ್ ಮಾಡಿದ ಹುಡುಗಿ ಬಿಳಿ ಕೋಟು ಹಾಕಿ ಸ್ಟೇಟಸ್ ಇಟ್ಟಾಗ ಚುರುಕ್ ಅನ್ನುತ್ತದೆ. ನಾನು ಸುಳ್ಳು ಹೇಳುವುದಿಲ್ಲ. ಏನು ಮಾಡಿದೆ ಅಂತ ಬರೆ. ನನ್ನ ಮಾತು ಕೇಳದೆ ಆ ಸೀಟೇ ತೆಗೆದುಕೊಂಡಿದ್ದರೂ ಬರೆ. ಅನಾಟಮಿ ಹೇಗೆ ಓದಬೇಕು ಅಂತ ಹೇಳಿಕೊಡುತ್ತೇನೆ.

ಪ್ರಶ್ನೆ: ಮಗನಿಗೆ ಯಾದಗಿರಿಯ ಸರ್ಕಾರಿ ಮೆಡಿಕಲ್ ಕಾಲೇಜು ಸಿಕ್ಕಿದೆ. ನಾವು ಮಂಡ್ಯದವರು. ಅಷ್ಟು ದೂರ, ಬಿಸಿಲು, ಹೊಸ ಕಾಲೇಜು, ಬಿಟ್ಟುಬಿಡಿ, ಇನ್ನೊಂದು ವರ್ಷ ಓದಲಿ ಎಂದು ನನ್ನ ಹೆಂಡತಿ ಹಟ ಹಿಡಿದಿದ್ದಾಳೆ. ಮಗ ಹೋಗುತ್ತೇನೆ ಅನ್ನುತ್ತಾನೆ.

ಉತ್ತರ: ಹೋಗುತ್ತೇನೆ ಅನ್ನುತ್ತಾನಲ್ಲ ಸ್ವಾಮಿ, ಮತ್ತೇನು? ಸಂವಿಧಾನದ 371ಜೆ ವಿಧಿಯ ಪ್ರಕಾರ ಆ ಕಲ್ಯಾಣ ಕರ್ನಾಟಕ ಭಾಗದ ಕಾಲೇಜುಗಳಲ್ಲಿ ನೂರಕ್ಕೆ 70 ಸೀಟು ಅಲ್ಲಿನ ಮಕ್ಕಳಿಗೇ. ಮಿಕ್ಕಿದ್ದರಲ್ಲಿ ನಿಮ್ಮ ಮಗನಿಗೆ ಒಂದು ಸಿಕ್ಕಿದೆ, ಸರ್ಕಾರಿ ಫೀಸಿನಲ್ಲಿ. ಕಾಲೇಜು ಹೊಸದು, ನಿಜ. ಆದರೆ ಜಿಲ್ಲಾ ಆಸ್ಪತ್ರೆಗೆ ಬರುವ ರೋಗಿಗಳು ಹೊಸಬರಲ್ಲ. ಕಲಿಯುವುದು ಅವರಿಂದಲೇ. ದೊಡ್ಡ ಊರಿನ ಹೆಸರಾಂತ ಆಸ್ಪತ್ರೆಯಲ್ಲಿ ಪಿಜಿಗಳ ಬೆನ್ನ ಹಿಂದೆ ನಿಂತು ಇಣುಕುವ ಹುಡುಗನಿಗಿಂತ ನಿಮ್ಮವನಿಗೆ ಕೈ ಬೇಗ ಪಳಗೀತು. ಮೈಸೂರಿನಿಂದ ಹೊರಡುವ ಬಸವ ಎಕ್ಸ್‌ಪ್ರೆಸ್ ಮಂಡ್ಯದ ಮೇಲೆಯೇ ಯಾದಗಿರಿಗೆ ಹೋಗುತ್ತದೆ, ರೈಲು ಬದಲಿಸುವ ಗೋಜಿಲ್ಲ. ಮೊದಲ ಸಲ ನಿಮ್ಮಾಕೆಯನ್ನೂ ಕರೆದುಕೊಂಡು ಹೋಗಿ. ಹಾಸ್ಟೆಲ್ ಮೆಸ್ಸಿನಲ್ಲಿ ಜೋಳದ ರೊಟ್ಟಿ ಊಟ ಮಾಡಿಸಿ. ಮುದ್ದೆ ಸಿಗುವುದಿಲ್ಲ ಎಂಬ ದೂರು ಬಂದರೆ ಅದಕ್ಕೆ ನನ್ನಲ್ಲಿ ಔಷಧ ಇಲ್ಲ.