ಸೆಕ್ಯೂರಿಟಿ ಚೆಕ್‌ನಲ್ಲಿ ಪ್ರತಿ ಸಲ ನನ್ನ ಬ್ಯಾಗನ್ನೇ ಯಾಕೆ ಪಕ್ಕಕ್ಕೆ ಎಳೆಯುತ್ತಾರೆ? ಅಲ್ಲಿಯ ಸಿಬ್ಬಂದಿ ಜೊತೆ ವಾದ ಮಾಡಿ ಗೆಲ್ಲುವುದು ಹೇಗೆ?

ವಾದ ಮಾಡಲೇಬೇಡಿ. ನಾನು ಮಾಡಿದೆ, ವಿಮಾನ ತಪ್ಪಿತು.

ಅಮ್ಮನನ್ನು ಕರೆದುಕೊಂಡು ಹೊರಟಿದ್ದೆ. ಅವರ ಮಂಡಿಯಲ್ಲಿ ಆಪರೇಷನ್ ಮಾಡಿ ಕೂರಿಸಿದ ಲೋಹದ ಕೀಲಿದೆ. ಡಿಟೆಕ್ಟರ್ ದಾಟಿದ್ದೇ ತಡ, ಕೂಗಿಕೊಂಡಿತು. ಅವರನ್ನು ಪರದೆಯ ಹಿಂದೆ ಕರೆದೊಯ್ದರು. ಅದೇ ಹೊತ್ತಿಗೆ ನಮ್ಮ ಬ್ಯಾಗೂ ಬೆಲ್ಟಿನಿಂದ ಪಕ್ಕಕ್ಕೆ ಸರಿಯಿತು. ಒಳಗೆ ಅಮ್ಮನ ಸಿರಪ್ಪು, 200 ಮಿಲಿಲೀಟರಿನ ಬಾಟಲಿ, ತಳದಲ್ಲಿ ಒಂದಿಷ್ಟು ಉಳಿದಿತ್ತು.

ಕೈಚೀಲದಲ್ಲಿ ಒಯ್ಯುವ ದ್ರವಕ್ಕೆ 100 ಮಿಲಿಲೀಟರಿನ ಮಿತಿ. “ಇದರಲ್ಲಿ 100 ಮಿಲಿಲೀಟರ್ ಕೂಡ ಇಲ್ಲ” ಎಂದು ಹಟ ಹಿಡಿದೆ. ಸಿಬ್ಬಂದಿ ನೋಡುವುದು ಒಳಗೆ ಎಷ್ಟಿದೆ ಎಂದಲ್ಲ, ಬಾಟಲಿ ಎಷ್ಟು ಹಿಡಿಯುತ್ತದೆ ಎಂದು. ನಿಜ ಹೇಳಬೇಕೆಂದರೆ ಆ ವಾದವೇ ಬೇಕಿರಲಿಲ್ಲ. ಅಗತ್ಯದ ಔಷಧಿಗೆ ಈ ಮಿತಿಯಿಂದ ವಿನಾಯಿತಿ ಇದೆ, ಆದರೆ ಅದು ಔಷಧಿ ಎಂಬುದಕ್ಕೆ ಪುರಾವೆ ಕೇಳಬಹುದು. ನನ್ನ ಪುರಾವೆ ಎಲ್ಲಿತ್ತು? ಆಸ್ಪತ್ರೆಯ ಕಾಗದಗಳು ಮಡಚಿ ಹಾಳಾಗದಿರಲಿ ಎಂದು ಎಲ್ಲವನ್ನೂ ಒಂದು ಫೈಲಿಗೆ ಹಾಕಿ, ಫೈಲನ್ನು ದೊಡ್ಡ ಸೂಟ್‌ಕೇಸಿನಲ್ಲಿಟ್ಟಿದ್ದೆ. ಸೂಟ್‌ಕೇಸು ಆಗಲೇ ಕೌಂಟರಿನಿಂದ ಒಳಗೆ ಹೋಗಿತ್ತು, ವಾಪಸ್ ತರಿಸುವಂತಿಲ್ಲ. ಬಾಟಲಿಯ ಲೇಬಲ್ಲು ತೇವಕ್ಕೆ ಕಿತ್ತುಹೋಗಿತ್ತು. ಅಂದರೆ ಅವರ ಕೈಯಲ್ಲಿದ್ದದ್ದು ಹೆಸರಿಲ್ಲದ ಒಂದು ದ್ರವ. ಚೀಟಿಯ ಒಂದು ಫೋಟೋ ಫೋನಿನಲ್ಲಿದ್ದರೂ ತೋರಿಸಿ ಮಾತಾಡಬಹುದಿತ್ತು. ಅದನ್ನು ಬಿಟ್ಟು ದನಿ ಏರಿಸಿದೆ. ಮೇಲಧಿಕಾರಿ ಬಂದರು, ಮತ್ತೆ ಮೊದಲಿನಿಂದ ವಿವರಣೆ. ಅಷ್ಟರಲ್ಲಿ ಗೇಟು ಮುಚ್ಚಿತು, ಸಿರಪ್ಪೂ ಹೋಯಿತು. ಅಮ್ಮ ರಾತ್ರಿಯಿಡೀ ಕೆಮ್ಮುತ್ತಾ ಮುಂದಿನ ವಿಮಾನಕ್ಕೆ ಕಾದರು.

ಈ 100ರ ಲೆಕ್ಕ ಯಾರೋ ಪೀಡಿಸಲಿಕ್ಕೆ ಹುಟ್ಟಿಸಿದ್ದಲ್ಲ. 2006ರ ಆಗಸ್ಟ್‌ನಲ್ಲಿ, ತಂಪು ಪಾನೀಯದ ಬಾಟಲಿಗಳಲ್ಲಿ ದ್ರವ ಸ್ಫೋಟಕ ಒಯ್ದು ಲಂಡನ್ನಿನಿಂದ ಅಟ್ಲಾಂಟಿಕ್ ದಾಟುವ ವಿಮಾನಗಳನ್ನು ಉಡಾಯಿಸುವ ಸಂಚು ಬಯಲಾದ ಮೇಲೆ ಬಂದದ್ದು.

ಇನ್ನು “ನನ್ನ ಬ್ಯಾಗನ್ನೇ” ಎನ್ನುತ್ತೀರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಎಕ್ಸ್-ರೇ ತೆರೆಯ ಮುಂದೆ ಕೂತವರಿಗೆ ಕಾಣುವುದು ಬಣ್ಣಗಳು: ಲೋಹ ನೀಲಿ; ಆಹಾರ, ಬಟ್ಟೆ, ಪ್ಲಾಸ್ಟಿಕ್‌ನಂಥವು ಕಿತ್ತಳೆ. ಚಾರ್ಜರು, ವೈರು, ಪವರ್ ಬ್ಯಾಂಕು, ದಪ್ಪ ಪುಸ್ತಕ ಎಲ್ಲ ಒಂದರ ಮೇಲೊಂದು ಬಿದ್ದಿದ್ದರೆ ಒಳಗೇನಿದೆ ಎಂದು ಬಿಡಿಸಿ ನೋಡಲಾಗದು, ಬ್ಯಾಗು ತೆಗೆಸುತ್ತಾರೆ. ವೈರುಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿ ಟ್ರೇಯಲ್ಲಿ ಬೇರೆಯಾಗಿಡಿ. ಪವರ್ ಬ್ಯಾಂಕನ್ನು ಚೆಕ್-ಇನ್ ಸಾಮಾನಿಗೆ ಹಾಕಿ ತಪ್ಪಿಸಿಕೊಳ್ಳಲು ಹೋಗಬೇಡಿ, ಅದು ನಿಷಿದ್ಧ.

ಸಿಟ್ಟು ಬರಬೇಕಾದದ್ದು ಬೇರೆ ವಿಷಯಕ್ಕೆ. ಬ್ಯಾಗಿನ ಒಳಗನ್ನು ಎಲ್ಲ ಬದಿಯಿಂದ ತೋರಿಸುವ ಹೊಸ ಸಿಟಿ (CT) ಸ್ಕ್ಯಾನರ್ ಇರುವಲ್ಲಿ ಸಾಮಾನ್ಯವಾಗಿ ಲ್ಯಾಪ್‌ಟಾಪ್ ಬ್ಯಾಗಿನಲ್ಲೇ ಇರಬಹುದು, ಹಳೆಯ ಯಂತ್ರವಿರುವಲ್ಲಿ ಹೊರಗೆ ತೆಗೆಯಬೇಕು. ಎಲ್ಲಿ ಯಾವುದು ಎಂದು ಸಾಲಿನ ಆರಂಭದಲ್ಲೇ ಒಂದು ಫಲಕ ಹಾಕಲು ಏನು ಕಷ್ಟ? ಟ್ರೇ ಹತ್ತಿರ ಹೋದ ಮೇಲೆ ಗದರುತ್ತಾರೆ. ವಯಸ್ಸಾದವರ ಮೈ ಮುಟ್ಟುವ ಮುಂಚೆ ಏನು ಮಾಡುತ್ತೇವೆಂದು ಹೇಳುವುದಿಲ್ಲ. ಅಮ್ಮ ಪರದೆಯಿಂದ ಹೊರಬಂದಾಗ ಕೈ ನಡುಗುತ್ತಿತ್ತು. ಇದಕ್ಕೆ ದೂರು ಕೊಡಲೇಬೇಕು, ಆದರೆ ಸಾಲಿನಲ್ಲಿ ನಿಂತು ಅಲ್ಲ, ಆಮೇಲೆ, ದಿನಾಂಕ ಸಮಯ ಸಮೇತ ಬರೆದು.

ನಿಮ್ಮ ಜೊತೆಗೂ ಮಂಡಿ ಆಪರೇಷನ್ ಆದವರು ಇದ್ದರೆ ಡಿಟೆಕ್ಟರಿಗೆ ಕಾಲಿಡುವ ಮುಂಚೆಯೇ ಹೇಳಿ. ಆಸ್ಪತ್ರೆಯ ಚೀಟಿ ತೋರಿಸಿದರೂ ತಪಾಸಣೆ ತಪ್ಪುವುದಿಲ್ಲ. ಆದರೆ ಕುರ್ಚಿ ಕೊಡಿ, ಒಬ್ಬರು ಜೊತೆಗಿರಲಿ ಎಂದು ಕೇಳಬಹುದು. ಕೇಳಿ.